ಬಚ್ಚಲುಕಲ್ಲಿಗೆ ಮುಳ್ಳು ಹಾಕುವ ತಿಮ್ಮಮ್ಮ

ಈಗಷ್ಟೇ ಬೆಳಕು ಹರಿಯುತ್ತಿದೆ. ಶಿಕಾರಿಪುರದ ಓಣಿಯೊಂದರ ಮನೆಯಲ್ಲಿ ಹಂಡೆಗೆ ಇನ್ನೂ ಉರಿ ಹಾಕಿಲ್ಲ. ತಿಮ್ಮಮ್ಮ ಆಗಲೇ ಬಚ್ಚಲಲ್ಲಿ ಮಂಡಿಯೂರಿ, ಅಂಗೈಯಿಂದ ಕಲ್ಲು ಸವರಿ ನೋಡುತ್ತಿದ್ದಾಳೆ. ವರ್ಷಗಟ್ಟಲೆ ಎಣ್ಣೆ, ಸೀಗೆಪುಡಿ ಕುಡಿದು ಕಲ್ಲು ಕನ್ನಡಿಯಂತಾಗಿದೆ. ಚೀಲದಿಂದ ಉಳಿ, ಸುತ್ತಿಗೆ, ಒಂದು ಹಗ್ಗ ತೆಗೆಯುತ್ತಾಳೆ.

ಅಷ್ಟರಲ್ಲಿ ಮನೆಯ ಯಜಮಾನ ರಂಗಪ್ಪ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಎಪ್ಪತ್ತು ದಾಟಿದ ಹಳೇ ಪೈಲ್ವಾನ. ಮೊನ್ನೆ ಇಲ್ಲೇ ಜಾರಿ, ಗೋಡೆಗೆ ಆತುಕೊಂಡು ಉಳಿದವನು. ಸೊಸೆ ತುಂಗಮ್ಮ ಅವನಿಗೆ ಹೇಳದೆಯೇ ತಿಮ್ಮಮ್ಮನನ್ನು ಕರೆಸಿದ್ದಾಳೆ.

"ನನ್ನನ್ನೇನು ಕೈಲಾಗದ ಮುದುಕ ಅಂದ್ಕಂಡಿಯೇನಮ್ಮ? ಉಳಿ ಒಳಗಿಡು."

ತಿಮ್ಮಮ್ಮನಿಗೆ ಈ ಮಾತು ಹೊಸದಲ್ಲ. ಸವೆದು ನುಣುಪಾದ ಬೀಸುವ ಕಲ್ಲು, ಒರಳಿಗೆ ಮುಳ್ಳು ಹಾಕುವುದು, ಅಂದರೆ ಉಳಿಯಿಂದ ಸಣ್ಣ ಕಚ್ಚು ಹೊಡೆದು ಒರಟು ಮಾಡುವುದು, ಆಕೆಯ ಮನೆತನದ ಕಸುಬು. ಹಿಟ್ಟಿನ ಗಿರಣಿ ಬಂದ ಮೇಲೆ ಕೆಲಸ ಕಡಿಮೆಯಾಗಿತ್ತು. ಆಗಲೇ ಅತ್ತೆ ವರದಮ್ಮ ಬಚ್ಚಲಲ್ಲಿ ಜಾರಿ ಇಡೀ ಮಳೆಗಾಲ ಹಾಸಿಗೆ ಹಿಡಿದರು. ಉಣ್ಣಿಸುವುದು, ಎಬ್ಬಿಸುವುದು, ಮಗ್ಗುಲು ಬದಲಿಸುವುದು ಎಲ್ಲ ತಿಮ್ಮಮ್ಮನ ಪಾಲಿಗೆ ಬಿತ್ತು. ಕೋಲೂರಿ ಎದ್ದ ದಿನ ಅತ್ತೆಯೇ, "ಊರ ಒರಳಿಗೆಲ್ಲ ಮುಳ್ಳು ಹಾಕ್ತೀಯ, ಈ ಬಚ್ಚಲುಕಲ್ಲಿಗೂ ನಾಕು ಏಟು ಹಾಕೇ" ಅಂದರು.

ಅಂದಿನಿಂದ ಸೊರಬದಿಂದ ತೊಗರ್ಸಿವರೆಗೆ ವಯಸ್ಸಾದವರಿರುವ ಮನೆಗಳಿಗೆಲ್ಲ ಆಕೆಯ ಉಳಿ ಹೋಗುತ್ತಿದೆ. ಹಿತ್ತಲ ಮೆಟ್ಟಿಲ ಪಾಚಿ ಕೆರೆಸುತ್ತಾಳೆ, ನಡೆಯುವ ದಾರಿಯ ಸೌದೆ ಎತ್ತಿಸುತ್ತಾಳೆ, ಹಿಡಿದುಕೊಳ್ಳಲು ಜಂತಿಯಿಂದ ಹಗ್ಗ ಇಳಿಬಿಡಿಸುತ್ತಾಳೆ. "ಮೊದಮೊದಲು, ಬಚ್ಚಲಲ್ಲಿ ರಾಗಿ ಬೀಸ್ಬೇಕೇನು ಅಂತ ನಗೋರು ರೀ" ಎಂದು ತಾನೇ ನಗುತ್ತಾಳೆ.

ರಂಗಪ್ಪ ಇನ್ನೂ ಕದಲಿಲ್ಲ. ತಿಮ್ಮಮ್ಮ ಕೂತಲ್ಲಿಂದಲೇ ಕೇಳುತ್ತಾಳೆ:

"ಯಜಮಾನ್ರೇ, ಗರಡಿ ಮಣ್ಣು ಹದ ಮಾಡ್ದೆ ಯಾವತ್ತಾದ್ರೂ ಕುಸ್ತಿಗೆ ಇಳಿದೀರೇನು?"

"ಎಲ್ಲಾದ್ರೂ ಉಂಟೇನು? ಕಾಲು ನಿಲ್ಲಬೇಕಲ್ಲ."

"ಇದೂ ಕಾಲು ನಿಲ್ಲೋಕೇ ರೀ."

ಬಾಗಿಲ ಹಿಂದೆ ತುಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಪೈಲ್ವಾನ ಮೀಸೆ ಸವರಿ ಪಕ್ಕಕ್ಕೆ ಸರಿಯುತ್ತಾನೆ.

ಕೆಲಸ ಮುಗಿದ ಮೇಲೆ ತಿಮ್ಮಮ್ಮ ಸೀಗೆನೀರು ಸುರಿದು, ಮೊದಲು ತಾನೇ ನಡೆದು ನೋಡುತ್ತಾಳೆ. ಆಮೇಲೆ ರಂಗಪ್ಪ ಇಳಿದು, ಕುಸ್ತಿಯವರಂತೆ ಕಾಲು ಅಗಲಿಸಿ ಊರುತ್ತಾನೆ. ಕಾಲು ಜಾರುವುದಿಲ್ಲ. "ಮೂಲೇಲಿ ಇನ್ನೊಂದಿಷ್ಟು ಹಾಕಮ್ಮ. ಆ ಹಗ್ಗನೂ ಕಟ್ಟು" ಅನ್ನುತ್ತಾನೆ.

ಈ ಕೆಲಸದಲ್ಲಿ ಏನು ಸಂತೋಷ ಎಂದು ಕೇಳಿದರೆ ತಿಮ್ಮಮ್ಮ ಉಳಿ ಒರೆಸುತ್ತ ಹೇಳುತ್ತಾಳೆ:

"ದಾರೀಲಿ ಹೋಗ್ವಾಗ ಅಜ್ಜೀರು ಜಗಲಿ ಮ್ಯಾಲಿಂದ ಕರೀತಾರೆ, ಎಲಡಿಕೆ ಹಾಕ್ಕಂಡು ಹೋಗು ಅಂತ. ನಂಗೆ ಎಲಡಿಕೆ ಅಭ್ಯಾಸ ಇಲ್ಲ. ಆದ್ರೂ ಕೂರ್ತೀನಿ. ಅವ್ರು ತಾವೇ ಎದ್ದು ಒಳಗೆ ಹೋಗಿ ತರ್ತಾರಲ್ಲ, ಅದನ್ನ ನೋಡೋಕೆ."