ಮೂರು ಆಣೆ ನೆಲ

ಅಳೆದು ತೋರಿಸಲಾಗದ ಯಾವುದನ್ನೂ ನಾನು ನಂಬಿದವನಲ್ಲ. ಮೂವತ್ತು ವರ್ಷ ಸರಕಾರದ ಮೋಜಣಿ ಕೆಲಸದಲ್ಲಿ, ಅಂದರೆ ಹೊಲ ಅಳೆಯುವ ಕೆಲಸದಲ್ಲಿ ಬಿಸಿಲು ತಿಂದವನು. ಹುಣಸೆಮರದ ಬುಡದಲ್ಲಿ ಯಾರೋ ಕರೆದ ಹಾಗಾಯಿತು, ಹಳ್ಳದ ದಂಡೆಯಲ್ಲಿ ಏನೋ ಕಂಡಿತು ಎಂದು ಹೇಳುತ್ತ ಬಂದವರನ್ನೆಲ್ಲ, ಹೊಲದ ಹದ್ದಿನ ಕಲ್ಲಿನಿಂದ ಎಷ್ಟು ದೂರದಲ್ಲಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಅಂಥವನು ಈಗ ಇದನ್ನು ಬರೆಯಲು ಕುಳಿತದ್ದು ನೋಡಿ ನಿಮಗೆ ನಗು ಬಂದರೆ ನನಗೇನೂ ಬೇಸರವಿಲ್ಲ. ಇದರಲ್ಲಿ ದೆವ್ವವಿಲ್ಲ, ಕತ್ತಲೆಯೂ ಇಲ್ಲ. ಹಾಡಹಗಲೇ ನಾಲ್ಕು ಜನರ ಎದುರಿಗೆ ನಡೆದದ್ದು. ಇರುವುದು ಮೂರನೆಯ ಇಯತ್ತೆಯ ಮಕ್ಕಳು ಮಾಡಬಹುದಾದ ಒಂದು ಕೂಡಿಸುವ ಲೆಕ್ಕ. ಅದು ನನಗೆ ಇಂದಿಗೂ ಕೂಡಿಲ್ಲ.

ಮೊದಲು ಇನ್ನೊಂದು ಸಂಗತಿ ಹೇಳಬೇಕು. ನೌಕರಿಗೆ ಸೇರುವ ಮುಂಚೆ ನಾನು ಧಾರವಾಡದಲ್ಲಿ ಎರಡು ವರ್ಷ ಗಣಿತ ಓದಿದ್ದೆ. ನಮಗೆ ಕಲಿಸುತ್ತಿದ್ದ ಪ್ರಾಧ್ಯಾಪಕರೊಬ್ಬರು ಒಂದು ದಿನ ಹಲಗೆಯ ಮೇಲೆ ಗೆರೆ ಎಳೆದು, ಇದನ್ನು ನಡುವೆ ಕತ್ತರಿಸಿದರೆ ಕತ್ತರಿಸಿದ ಕಡೆಯ ಬಿಂದು ಯಾವ ತುಂಡಿಗೆ ಸೇರಬೇಕು ಎಂದು ಕೇಳಿದರು. ಅರ್ಧರ್ಧ ಎಂದ ಒಬ್ಬ. ಬಿಂದುವಿಗೆ ಅಗಲವೇ ಇಲ್ಲ, ಅರ್ಧ ಎಲ್ಲಿಂದ ಬರಬೇಕು ಎಂದರು. ಎರಡಕ್ಕೂ ಕೊಟ್ಟರೆ ಒಂದಿದ್ದದ್ದು ಎರಡಾಗುತ್ತದೆ, ಯಾವುದಕ್ಕೂ ಕೊಡದಿದ್ದರೆ ಗೆರೆಯಲ್ಲಿ ತೂತು ಬೀಳುತ್ತದೆ. ಆದ್ದರಿಂದ ಒಂದಕ್ಕೆ ಮಾತ್ರ ಕೊಡಬೇಕು. ಆಗ ಇನ್ನೊಂದು ತುಂಡಿಗೆ ಅಂಚಿನ ಬಿಂದು ಎಂಬುದೇ ಇರುವುದಿಲ್ಲ. ಅದರಲ್ಲಿ ಯಾವ ಬಿಂದುವನ್ನು ಇದೇ ಮೊದಲನೆಯದು ಎಂದು ತೋರಿಸಿದರೂ ಕತ್ತರಿಸಿದ ಜಾಗಕ್ಕೆ ಅದಕ್ಕಿಂತ ಹತ್ತಿರ ಮತ್ತೊಂದು ಇದ್ದೇ ಇರುತ್ತದೆ, ಅದಕ್ಕಿಂತ ಹತ್ತಿರ ಮಗದೊಂದು, ಇದಕ್ಕೆ ಕೊನೆಯಿಲ್ಲ. ನಾನು ಎದ್ದು ನಿಂತು, ಅಗಲವೇ ಇಲ್ಲದ ಬಿಂದುಗಳು ಎಷ್ಟೇ ಸೇರಿದರೂ ಗೆರೆಗೆ ಉದ್ದ ಹೇಗೆ ಬಂತು ಸರ್ ಎಂದೆ. ಅವರು ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ, "ಅದೊಂದ ಕೇಳಬ್ಯಾಡಪಾ, ರಾತ್ರಿ ನನಗ ನಿದ್ದಿ ಹತ್ತೂದಿಲ್ಲ" ಎಂದರು. ಎಲ್ಲರೂ ನಕ್ಕೆವು. ಪುಸ್ತಕದ ಬದನೆಕಾಯಿ ಎಂದುಕೊಂಡು ನಾನು ಅದನ್ನು ಅಲ್ಲಿಗೇ ಮರೆತುಬಿಟ್ಟೆ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯಿಂದ ವಾಟ್ನಿಯ ಅರ್ಜಿ ಬಂದಿತ್ತು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವುದಕ್ಕೆ ನಮ್ಮ ಕಡೆ ವಾಟ್ನಿ ಎನ್ನುತ್ತಾರೆ. ಅಣ್ಣ ಬಸವಣ್ಣೆಪ್ಪ, ತಮ್ಮ ಈರಪ್ಪ. ಹನ್ನೆರಡು ಎಕರೆ ಎರೆ ಹೊಲ, ರೊಟ್ಟಿ ಸುಡುವ ಹಂಚಿನ ಹಾಗೆ ಕಪ್ಪು, ಅಷ್ಟೇ ಮಟ್ಟ. ನಾಲ್ಕೂ ಮೂಲೆ ನೇರ. ಪಡುವಣದ ಅರ್ಧ ಅಣ್ಣನಿಗೆ, ಮೂಡಣದ ಅರ್ಧ ತಮ್ಮನಿಗೆ ಎಂದು ಹಿರಿಯರ ಮುಂದೆ ಮೊದಲೇ ಒಪ್ಪಿಗೆಯಾಗಿತ್ತು. ಮಧ್ಯಾಹ್ನದ ಊಟದೊಳಗೆ ಮುಗಿಸಿ ಸಂಜೆಯ ಬಸ್ಸು ಹಿಡಿಯಬಹುದು ಎಂದುಕೊಂಡು ಹೋದೆ.

ಹೋಗಿ ನೋಡಿದರೆ ಹೊಲದ ನಟ್ಟನಡುವೆ ಅವರ ತಾಯಿ ನೀಲವ್ವನ ಗದ್ದುಗೆ. ಅವರ ಮನೆತನದಲ್ಲಿ ತೀರಿಕೊಂಡವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿ, ಮೇಲೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ ಕಟ್ಟುತ್ತಾರೆ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಅಂದರೆ ಮಾಡಿದ ಅಡಿಗೆಯನ್ನು ಭೂಮಿಗೆ ಉಣಿಸುವುದು ಈ ಕಡೆಯ ಎಲ್ಲರ ಪದ್ಧತಿ. ಇವರಲ್ಲಿ ಮೊದಲ ತುತ್ತು ಗದ್ದುಗೆಗೆ. ಚರಗವನ್ನು ತನ್ನ ನೆಲದಲ್ಲಿ ಚೆಲ್ಲಬೇಕೇ ಹೊರತು ಇನ್ನೊಬ್ಬರ ನೆಲದಲ್ಲಿ ಚೆಲ್ಲುವ ಹಾಗಿಲ್ಲ. ಹಾಗಾಗಿ ಗದ್ದುಗೆ ಯಾರ ಪಾಲಿಗೆ ಬೀಳುತ್ತದೋ ತಾಯಿಗೆ ಉಣಿಸುವ ಹಕ್ಕು ಅವನೊಬ್ಬನದು. ಇನ್ನೊಬ್ಬ ಬದುಕಿರುವಷ್ಟು ಕಾಲ ಬದುವಿನ ಆಚೆ ನಿಂತು ನೋಡಬೇಕು.

ಇಬ್ಬರಿಗೂ ಆ ತಾಯಿ ಬೇಕಾಗಿದ್ದಳು. ಬಸವಣ್ಣೆಪ್ಪ ತನ್ನ ಕೈಯಾರೆ ಅವಳ ಕುಣಿ ತೋಡಿದವನು. ಈರಪ್ಪ ಆಗ ವಿಷಮಜ್ವರ ಬಂದು ಹುಬ್ಬಳ್ಳಿಯಲ್ಲಿ ಆಸ್ಪತ್ರೆ ಸೇರಿದ್ದ. ಎದೆಯೊಡೆದುಕೊಂಡಾನು ಎಂದು ಯಾರೂ ಅವನಿಗೆ ಹೇಳಲಿಲ್ಲ. ತಿಳಿಯುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು. ತಾಯಿಗೆ ಒಂದು ಹಿಡಿ ಮಣ್ಣು ಹಾಕಲು ಬಿಡಲಿಲ್ಲ ಎಂದು ಅಣ್ಣನ ಮೇಲೆ ಹತ್ತಿದ ಸಿಟ್ಟು ಎರಡು ವರ್ಷವಾದರೂ ಇಳಿದಿರಲಿಲ್ಲ. ಮಾತುಕತೆ ನಿಂತುಹೋಗಿತ್ತು. ಗದ್ದುಗೆಯಷ್ಟು ನೆಲವನ್ನು ಇಬ್ಬರ ಹೆಸರಿಗೂ ಸಾಮಾಯಿಕವಾಗಿ ಬಿಡೋಣವೇ ಎಂದು ಕೇಳಿದೆ.

"ಸಾಮಾಯಿಕ ಅಂದ್ರ ಇಬ್ರೂ ಕೂಡಿ ಚರಗಾ ಚೆಲ್ಲಬೇಕಾಗ್ತದರಿ," ಎಂದ ಬಸವಣ್ಣೆಪ್ಪ. "ಒಂದ ಪಂಕ್ತ್ಯಾಗ ಕುಂತು ಉಣ್ಣಲಾರದವ್ರು ಹೆಂಗ ಚೆಲ್ಲೂದು? ನೀವು ಗೆರಿ ಎಳೀರಿ. ಅವ್ವ ಯಾರ ಕಡೆ ಬರ್ತಾಳೋ ಬರ್ಲಿ. ನಮ್ಮದೇನ ತಕರಾರ ಇಲ್ಲ."

ಈರಪ್ಪನೂ ತಲೆಯಾಡಿಸಿದ. "ಗೆರಿ ಯಾರ ಮಾರೀನೂ ನೋಡೂದಿಲ್ಲ" ಎಂದು ನಾನು ಜಂಬದಿಂದಲೇ ಹೇಳಿದೆ.

ನಮ್ಮ ಹಳೆಯ ಸರಪಳಿ ಮೂವತ್ಮೂರು ಅಡಿಯದು. ಅದರಲ್ಲಿ ಹದಿನಾರು ಆಣೆ. ದುಡ್ಡಿನ ಆಣೆಯಲ್ಲ, ಅಳತೆಯ ಆಣೆ, ಒಂದೊಂದು ಸುಮಾರು ಎರಡಡಿ. ಮೀಟರಿನ ಸರಪಳಿ ಬಂದಿದ್ದರೂ ಹಳೆಯ ನಕಾಶೆಗಳೆಲ್ಲ ಆಣೆಯಲ್ಲೇ ಇದ್ದುದರಿಂದ ನಾನು ಅದನ್ನು ಬಿಟ್ಟಿರಲಿಲ್ಲ. ಮುಂದಿನ ಹಿಡಿಕೆ ಹಿಡಿದು ನಡೆಯುವವನು ಫಕ್ಕೀರಪ್ಪ, ಇಪ್ಪತ್ತು ವರ್ಷದಿಂದ ಸರಪಳಿ ಎಳೆಯುತ್ತಿದ್ದ ಮನುಷ್ಯ. ಹಿಂದಿನ ಹಿಡಿಕೆ ನನ್ನ ಕೈಯಲ್ಲಿ. ಪಡುವಣ ಹದ್ದಿನ ಕಲ್ಲಿನಿಂದ ಮೂಡಣ ಹದ್ದಿನ ಕಲ್ಲಿಗೆ, ಗದ್ದುಗೆಯ ಮಗ್ಗುಲಿಗೇ ತಾಗಿ ಹೋಗುವ ಹಾಗೆ, ಗಳ ನೆಟ್ಟು ನೇರ ಹಿಡಿದು ಅಳೆದೆವು. ಇಪ್ಪತ್ನಾಲ್ಕು ಸರಪಳಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಅರ್ಧ ಅಂದರೆ ಹನ್ನೆರಡು. ಗದ್ದುಗೆಯ ಅಗಲ ಮೂರು ಆಣೆ, ಸುಮಾರು ಆರಡಿ.

ಪಡುವಣ ಕಲ್ಲಿನಿಂದ ಮತ್ತೆ ಹನ್ನೆರಡು ಸರಪಳಿ ಅಳೆದೆವು. ಸರಪಳಿಗೊಂದರಂತೆ ಊರುತ್ತ ಬಂದ ಕಬ್ಬಿಣದ ಕಡ್ಡಿಗಳಲ್ಲಿ ಕೊನೆಯದನ್ನು ಫಕ್ಕೀರಪ್ಪ ಊರಿದ ಜಾಗ ಗದ್ದುಗೆಯನ್ನು ದಾಟಿ ಅದರ ಮೂಡಣ ಅಂಚಿಗೆ ಸರಿಯಾಗಿ ಬಂದಿತ್ತು. ಗದ್ದುಗೆ ಪೂರ್ತಿ ಅಣ್ಣನ ಪಾಲು. ಬಸವಣ್ಣೆಪ್ಪ ಹಿಗ್ಗಲಿಲ್ಲ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಈರಪ್ಪ ಆ ಕಡ್ಡಿಯ ಆಚೆ ಬಂದು ನಿಂತುಕೊಂಡ. ಇನ್ನೂ ಸ್ವಲ್ಪ ಮುಂದೆ ಬಂದ, ಮತ್ತೂ ಸ್ವಲ್ಪ. ಕಡ್ಡಿಯನ್ನು ಮಾತ್ರ ದಾಟಲಿಲ್ಲ. ಎಷ್ಟು ಹತ್ತಿರ ಬಂದರೂ ಇನ್ನೂ ಹತ್ತಿರ ಉಳಿದೇ ಇರುತ್ತದೆ ಎಂಬ ಆ ಮರೆತುಹೋಗಿದ್ದ ಮಾತು ನನಗೆ ಆಗ ನೆನಪಾಯಿತು.

"ನನ್ನ ಕಡಿಂದನೂ ಒಮ್ಮೆ ಅಳೀರಿ ಸಾಹೇಬ್ರ," ಎಂದ ಈರಪ್ಪ. "ಸಮಾಧಾನಕ್ಕ."

ಇಪ್ಪತ್ನಾಲ್ಕರಲ್ಲಿ ಹನ್ನೆರಡು ಕಳೆದರೆ ಹನ್ನೆರಡೇ ಉಳಿಯುತ್ತದೆ. ಮೂಡಣದಿಂದ ಅಳೆದರೂ ಅದೇ ಕಡ್ಡಿಗೆ ಬಂದು ನಿಲ್ಲಬೇಕು. ವ್ಯರ್ಥ ಶ್ರಮ ಎಂದು ಗೊತ್ತಿದ್ದೂ ಅವನ ಮುಖ ನೋಡಿ ಒಪ್ಪಿದೆ. ಮೂಡಣ ಕಲ್ಲಿನಿಂದ ಹೊರಟೆವು. ಹತ್ತು ಸರಪಳಿ, ಹನ್ನೊಂದು. ಹನ್ನೆರಡನೆಯದು ನಾವು ಮೊದಲು ಊರಿದ್ದ ಕಡ್ಡಿಯನ್ನು ದಾಟಿ, ಗದ್ದುಗೆಯ ಉದ್ದಕ್ಕೂ ಮಗ್ಗುಲಲ್ಲಿ ಹಾಯ್ದು, ಅದರ ಪಡುವಣ ಅಂಚಿಗೆ ಹೋಗಿ ಮುಗಿಯಿತು. ಈಗ ಗದ್ದುಗೆ ಪೂರ್ತಿ ತಮ್ಮನ ಪಾಲು.

ನಾನು ಫಕ್ಕೀರಪ್ಪನ ಮೇಲೆ ರೇಗಿದೆ. ಎಲ್ಲಿಯೋ ಸರಪಳಿ ಸಡಿಲ ಬಿಟ್ಟಿದ್ದೀಯ ಎಂದೆ. ಆಮೇಲೆ ನಾನೇ ಕೂತು ಕೊಂಡಿ ಕೊಂಡಿ ಎಣಿಸಿದೆ. ಗಂಟು ಬಿದ್ದಿರಲಿಲ್ಲ, ಬಾಗಿರಲಿಲ್ಲ. ಇನ್ನೊಮ್ಮೆ ಮೂರೂ ಅಳತೆ ಮಾಡಿದೆವು. ಊಟ ಬಿಟ್ಟು, ಬಿಸಿಲು ಇಳಿದ ಮೇಲೆ ಮತ್ತೊಮ್ಮೆ. ಹಿಂದಿನ ಹಿಡಿಕೆ ಅವನಿಗೆ ಕೊಟ್ಟು ಮುಂದಿನದನ್ನು ನಾನು ಹಿಡಿದೆ. ಪಡುವಣದಿಂದ ಗದ್ದುಗೆಯನ್ನು ಒಳಗೊಂಡು ಹನ್ನೆರಡು. ಮೂಡಣದಿಂದಲೂ ಗದ್ದುಗೆಯನ್ನು ಒಳಗೊಂಡು ಹನ್ನೆರಡು. ಗದ್ದುಗೆ ಎರಡು ಸಲ ಲೆಕ್ಕಕ್ಕೆ ಬಂದಿದೆ. ಹಾಗಿದ್ದ ಮೇಲೆ ಕಲ್ಲಿನಿಂದ ಕಲ್ಲಿಗೆ ಇಪ್ಪತ್ನಾಲ್ಕಕ್ಕೆ ಮೂರು ಆಣೆ ಕಡಿಮೆ ಬರಬೇಕು. ಬರಲಿಲ್ಲ. ಪ್ರತಿ ಸಲವೂ ಇಪ್ಪತ್ನಾಲ್ಕು. ಕಡ್ಡಿ ಎಣಿಸುವುದರಲ್ಲಿ ತಪ್ಪಿದ್ದರೆ ಇಡೀ ಸರಪಳಿಯಷ್ಟೇ ವ್ಯತ್ಯಾಸ ಬರುತ್ತದೆ, ಮೂರು ಆಣೆ ಬರುವುದಿಲ್ಲ. ಸರಪಳಿಯೇ ಹಿಗ್ಗಿದ್ದರೆ ಆ ದೋಷ ಮೂರೂ ಅಳತೆಗೆ ಒಂದೇ ಪ್ರಮಾಣದಲ್ಲಿ ಹತ್ತಬೇಕು.

"ಸರಪಳಿ ಸುಳ್ಳ ಹೇಳೂದಿಲ್ರಿ," ಎಂದ ಫಕ್ಕೀರಪ್ಪ, ನನ್ನ ಕಡೆ ನೋಡದೆ. "ನಾನೂ ಹೇಳಿಲ್ಲ."

ಎರಡು ಕಡ್ಡಿಗಳ ನಡುವೆ ಆ ಕಟ್ಟೆ ಇತ್ತು. ಕೈಯಿಂದ ಮುಟ್ಟಿದೆ, ಕಲ್ಲು ಬೆಚ್ಚಗಿತ್ತು. ಮಗ್ಗುಲಿಗೆ ಸರಪಳಿ ಚಾಚಿದರೆ ಮೂರು ಆಣೆ ಉದ್ದಕ್ಕೆ ಸ್ಪಷ್ಟವಾಗಿ ಇದೆ, ಇಡೀ ಹೊಲದ ಲೆಕ್ಕದಲ್ಲಿ ಮಾತ್ರ ಒಂದು ಬಿಂದುವಿನ ಹಾಗೆ ಜಾಗವನ್ನೇ ತೆಗೆದುಕೊಂಡಿಲ್ಲ. ಯಾರಾದರೂ ಒಬ್ಬರಿಗೇ ಹೋಗಬೇಕಾದದ್ದು ಇಬ್ಬರಿಗೂ ಪೂರ್ತಿ ಹೋಗಿದೆ, ಆದರೂ ಒಂದು ಎರಡಾಗಿಲ್ಲ. ನಾನು ತಲೆಯೆತ್ತಿ ಆ ಕಲ್ಲಿನಿಂದ ಈ ಕಲ್ಲಿನವರೆಗೆ ನೋಡಿದೆ. ಅದೇ ಹೊಲ, ಬೇಸಿಗೆಗೆ ಬಿರಿದ ಅದೇ ಕರಿಯ ಮಣ್ಣು. ಕೊಂಡಿಗಳಿದ್ದದ್ದು ನನ್ನ ಸರಪಳಿಯಲ್ಲಿ, ನೆಲದಲ್ಲಿ ಅಲ್ಲ ಎಂದು ನನಗೆ ಮೊದಲ ಸಲ ಅನಿಸಿತು. ಇಷ್ಟು ವರ್ಷ ನಾನು ತುಳಿದು ಓಡಾಡಿದ ಒಂದು ಮಾರು ನೆಲದೊಳಗೂ ಎಣಿಸಿ ಮುಗಿಸಲಾರದಷ್ಟು ಇತ್ತು, ನಾನು ಅದರ ಮೇಲೆ ಕಡ್ಡಿ ಊರುತ್ತ ಬಂದಿದ್ದೆ ಅಷ್ಟೆ. ಹೆದರಿಕೆ ಆಗಲಿಲ್ಲ. ಕಾಲಲ್ಲಿದ್ದ ಚಪ್ಪಲಿಯನ್ನು ಬಿಟ್ಟು ಬದಿಗಿಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ನನಗೂ ಆಗ ತಿಳಿಯಲಿಲ್ಲ.

ನನಗೆ ಇನ್ನೂ ಸೋಜಿಗವೆಂದರೆ, ಆ ಅಣ್ಣತಮ್ಮಂದಿರಿಗೆ ಅಷ್ಟೇನೂ ಸೋಜಿಗವಾಗಲಿಲ್ಲ. ಲೆಕ್ಕವನ್ನು ನಾನು ಮೂರು ಸಲ ಬಿಡಿಸಿ ಹೇಳಿದೆ. ಈರಪ್ಪ ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕೇಳಿದ.

"ಇದ್ದಾಗನೂ ಅವ್ವ ಜಾಗಾ ಹಿಡದಾಕಿ ಅಲ್ರಿ," ಎಂದ. "ಎಂಟ ಮಂದಿ ಒಂದ ಪಡಸಾಲ್ಯಾಗ ಮಲಗತಿದ್ವಿ. ಆಕಿ ಎಲ್ಲೆ ಮಲಗತಿದ್ಲು ಅನ್ನೂದು ನಮಗ ಯಾರಿಗೂ ಗೊತ್ತಿಲ್ಲ."

"ಖರೇ ಐತಿ" ಎಂದ ಬಸವಣ್ಣೆಪ್ಪ. ಅವನು ಅದನ್ನು ಹೇಳಿದ್ದು ನನಗಲ್ಲ, ತಮ್ಮನಿಗೆ.

ಕಡ್ಡಿಗಳಿದ್ದ ಎರಡೂ ಕಡೆ ಅವರೇ ಒಂದೊಂದು ಕಲ್ಲು ನೆಟ್ಟುಕೊಂಡರು. ನಾನು ಬಂದದ್ದು ಬಂದ ಹಾಗೆ ಅಂಕಿಗಳನ್ನು ಬರೆದು ಕಚೇರಿಗೆ ಒಪ್ಪಿಸಿದೆ. ಮೇಲಿನವರು ಕೂಡಿಸಿ ನೋಡಿ, ಬಿಸಿಲು ನೆತ್ತಿಗೇರಿತ್ತೇನು ಎಂದು ಕೇಳಿ, ಇನ್ನೊಬ್ಬ ಸರ್ವೇಯರನನ್ನು ಕಳಿಸಿದರು. ಅವನ ನಕಾಶೆ ಒಪ್ಪವಾಗಿತ್ತು: ಇಪ್ಪತ್ನಾಲ್ಕು, ಹನ್ನೆರಡು, ಹನ್ನೆರಡು. ಗದ್ದುಗೆಯನ್ನು ಮಾತ್ರ ತೋರಿಸಿರಲೇ ಇಲ್ಲ. ಚಹದ ಅಂಗಡಿಯಲ್ಲಿ ಸಿಕ್ಕಾಗ ಕೇಳಿದೆ.

"ತೆಂಕಲ ಬದುವಿನ ಮ್ಯಾಲೆ ಅಳದು ಬಂದೆ ಮಾರಾಯಾ," ಎಂದ. "ಗದ್ದಿಗಿ ಬಾಜೂಕ ಸರಪಳಿ ಇಡಲಿಲ್ಲ. ನೀ ಬರದದ್ದು ಓದಿದ್ದೆ. ನಂದಿನ್ನ ಹತ್ತ ವರ್ಷ ನೌಕರಿ ಐತಿ."

ಮುಂದೆ ನಾನು ಸಾವಿರಾರು ಹೊಲ ಅಳೆದೆ. ಅಂಥದ್ದು ಮತ್ತೆಲ್ಲೂ ಆಗಲಿಲ್ಲ. ಗಣಿತ ಬಲ್ಲವರ ಮುಂದೆ ಒಂದೆರಡು ಸಲ ಹೇಳಿ ನೋಡಿದೆ. ಬಿಂದು, ಗೆರೆ, ಅನಂತ ಎಲ್ಲ ಕಾಗದದ ಮೇಲಿನ ಮಾತು, ಕಲ್ಲು ಮಣ್ಣಿಗೆ ಅದು ಹತ್ತುವುದಿಲ್ಲ, ನಿಮ್ಮ ಅಳತೆಯೇ ತಪ್ಪಿರಬೇಕು ಎಂದರು. ಇರಬಹುದು. ಆದರೆ ತಪ್ಪು ಯಾವ ಅಳತೆಯಲ್ಲಿ ಎಂದು ಅವರೂ ತೋರಿಸಲಿಲ್ಲ, ನನಗೂ ಸಿಕ್ಕಿಲ್ಲ.

ಆ ವರ್ಷದ ಎಳ್ಳಮಾವಾಸ್ಯೆಗೆ ಇಬ್ಬರೂ ಬೇರೆ ಬೇರೆಯಾಗಿ ನನ್ನನ್ನು ಕರೆಸಿದ್ದರು. ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು. ಅಣ್ಣ ಪಡುವಣದಿಂದ ಬಂದ, ತಮ್ಮ ಮೂಡಣದಿಂದ. ಇಬ್ಬರೂ ಒಂದೇ ಹೊತ್ತಿಗೆ ಗದ್ದುಗೆಯ ಮೇಲೆ ತುತ್ತು ಇಟ್ಟರು, ಇಬ್ಬರೂ ತಂತಮ್ಮ ನೆಲದಲ್ಲೇ ನಿಂತಿದ್ದರು. ಆಮೇಲೆ ಅವರವರ ಹೆಂಡಿರು ಮಕ್ಕಳ ಜೊತೆ ದೂರ ದೂರ ಕುಳಿತು ಉಂಡರು. ನನಗೆ ಎರಡೂ ಕಡೆ ಊಟವಾಯಿತು. ಉಂಡ ಮೇಲೆ ಗದ್ದುಗೆಯ ಹತ್ತಿರ ಯಾರೂ ಇರಲಿಲ್ಲ. ನನ್ನ ಚೀಲದಲ್ಲಿ ಹೊಸ ಉಕ್ಕಿನ ಟೇಪು ಇತ್ತು, ಅದಕ್ಕೆಂದೇ ತಂದಿದ್ದೆ, ಹೊತ್ತೂ ಬೇಕಾದಷ್ಟಿತ್ತು. ಚೀಲದೊಳಗೆ ಕೈ ಹಾಕಿ ಟೇಪನ್ನು ಹಿಡಿದೆ, ಹೊರಗೆ ತೆಗೆಯಲಿಲ್ಲ. ಈ ಸಲ ಲೆಕ್ಕ ಸರಿಯಾಗಿ ಕೂಡಿಬಿಟ್ಟರೆ ಆ ಇಬ್ಬರಲ್ಲಿ ಒಬ್ಬನನ್ನು ನಾನು ಬದುವಿನ ಆಚೆ ನಿಲ್ಲಿಸಬೇಕಾಗುತ್ತಿತ್ತು.