ಕ್ಯಾಲ್ಸಿಯಂ ಸೋರುವ ಹೃದಯ

ನನ್ನ ತಂಗಿ ಸಾಜಿದಾ ಮೊದಲ ಬಾರಿ ಪ್ರಜ್ಞೆ ತಪ್ಪಿ ಬಿದ್ದದ್ದು ಕಟಪಾಡಿಯಲ್ಲಿ, ಹೊರಟ ಬಸ್ಸಿನ ಹಿಂದೆ ಓಡುವಾಗ. ಅಂಗಡಿಯವರು ಎತ್ತಿ ಕೂರಿಸಿ ನೀರು ಕೊಟ್ಟರು. ಎದ್ದಳು. ಮಂಡಿ ತರಚಿತ್ತು, ಅಷ್ಟೇ. ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆದರು. ಯಾವ ದೋಷವೂ ಕಾಣಲಿಲ್ಲ. ಫಿಟ್ಸ್ ಇರಬಹುದೆಂದು ಮಾತ್ರೆ ಬರೆದುಕೊಟ್ಟರು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಆದ್ದರಿಂದ ವೈದ್ಯರು ಹೇಳಿದ್ದನ್ನು ಕೇಳಿಸಿಕೊಂಡು ತಾಯಿಗೆ, ನಮ್ಮ ಉಮ್ಮನಿಗೆ, ಬ್ಯಾರಿ ಭಾಷೆಯಲ್ಲಿ ತಿಳಿಸುವ ಹೊಣೆ ಯಾವಾಗಲೂ ನನ್ನದು.

ನಮ್ಮ ತಂದೆಯನ್ನು ನಾವು ಉಪ್ಪ ಎನ್ನುತ್ತೇವೆ. ಅವರು ಸೌದಿಯ ದಮ್ಮಾಮಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಗಲ್ಫಿನಿಂದ ಬರುವ ದಿನವನ್ನು ಮನೆಗೆ ತಿಳಿಸದೆ ನೇರವಾಗಿ ಬಾಗಿಲಲ್ಲಿ ಬಂದು ನಿಲ್ಲುವುದು ನಮ್ಮ ಕಡೆಯ ಅನೇಕರ ರೂಢಿ. ಮಕ್ಕಳ ಮುಖ ಆ ಒಂದು ಗಳಿಗೆಯಲ್ಲಿ ಅರಳುವುದನ್ನು ನೋಡಲೆಂದೇ ಅವರು ಅಲ್ಲಿ ವರ್ಷಗಟ್ಟಲೆ ದುಡಿಯುತ್ತಾರೇನೋ ಎಂದು ನನಗೆ ಅನ್ನಿಸುವುದುಂಟು. ಈ ಸಲವೂ ಉಪ್ಪ ಹಾಗೆಯೇ ಬಂದರು. ಕಾಪುವಿನ ನಮ್ಮ ಮನೆಯಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಸಾಜಿದಾ "ಉಪ್ಪಾ" ಎಂದು ಕೂಗಿ ಓಡಿದಳು. ಅವರ ತೋಳಿನಲ್ಲಿಯೇ ಕುಸಿದಳು.

ನಾವು ನಕ್ಕೆವು.

"ನಿಮ್ಮನ್ನು ನೋಡಿ ಇವಳಿಗೆ ಪ್ರಜ್ಞೆಯೇ ಹೋಯ್ತು ನೋಡಿ" ಎಂದರು ಉಮ್ಮ.

"ಡ್ರಾಮಾ ಸಾಕು ಮಾರಾಯ್ತಿ, ಏಳು. ಚಾಕಲೇಟು ಎಲ್ಲ ನಾನೇ ತಿಂತೇನೆ" ಎಂದೆ ನಾನು.

ಉಪ್ಪ ಮಾತ್ರ ನಗಲಿಲ್ಲ. "ಇವಳಿಗೆ ಉಸಿರು ಉಂಟಾ?" ಎಂದರು.

ಆಸ್ಪತ್ರೆ ತಲುಪುವ ಮೊದಲೇ ಅವಳು ಹೋಗಿದ್ದಳು.

ಉಡುಪಿಯ ವೈದ್ಯರು ಅವಳು ಹಿಂದೆ ಬಿದ್ದದ್ದನ್ನು ಕೇಳಿ, ಮನೆಯವರೆಲ್ಲ ಹೃದಯದ ಪರೀಕ್ಷೆ ಮಾಡಿಸಿಕೊಳ್ಳಲೇಬೇಕೆಂದರು. ಮಣಿಪಾಲದಲ್ಲಿ ನನ್ನನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ವೇಗ ಏರಿದಂತೆ ಪರದೆಯ ಮೇಲಿನ ಬಡಿತಗಳು ಅಂಕೆ ತಪ್ಪಿದವು. ಯಂತ್ರ ನಿಲ್ಲಿಸಿದ ಡಾಕ್ಟರ್ ನನಗೆ ಸಾವಧಾನವಾಗಿ ವಿವರಿಸಿದರು. ಪ್ರತಿ ಬಡಿತಕ್ಕೂ ಹೃದಯದ ಜೀವಕೋಶದೊಳಗೆ ಸ್ವಲ್ಪ ಕ್ಯಾಲ್ಸಿಯಂ ಪ್ರವೇಶಿಸುತ್ತದೆ. ಅದು ಒಳಗಿನ ದಾಸ್ತಾನಿನ ಬಾಗಿಲನ್ನು ತೆರೆಸುತ್ತದೆ. ಅಲ್ಲಿಂದ ಹೊರಬಂದ ಕ್ಯಾಲ್ಸಿಯಂನಿಂದ ಸ್ನಾಯು ಸಂಕುಚಿಸುತ್ತದೆ. ಕ್ಯಾಲ್ಸಿಯಂ ದಾಸ್ತಾನಿಗೆ ಮರಳಿದಾಗ ಸ್ನಾಯು ಸಡಿಲಗೊಳ್ಳುತ್ತದೆ. ಸಾಜಿದಾಳಂತೆ ನನ್ನಲ್ಲಿಯೂ ಆ ಬಾಗಿಲು ಭದ್ರವಾಗಿಲ್ಲ. ಓಟದಿಂದಾಗಲಿ, ಭಯದಿಂದಾಗಲಿ, ಸಂತೋಷದಿಂದಾಗಲಿ ಅಡ್ರಿನಾಲಿನ್ ಏರಿದರೆ ಕ್ಯಾಲ್ಸಿಯಂ ಹೊತ್ತಲ್ಲದ ಹೊತ್ತಿನಲ್ಲಿ ಸೋರಿ ಬಡಿತ ಕೆಡುತ್ತದೆ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿಯಲ್ಲಿ ಇದು ಕಾಣುವುದಿಲ್ಲ.

ಸಾಮಾನ್ಯವಾಗಿ ತಂದೆಯಿಂದಲೋ ತಾಯಿಯಿಂದಲೋ ಬರುವ ದೋಷವಿದು. ವಂಶವಾಹಿ ಪರೀಕ್ಷೆಗೆ ಕೊಟ್ಟ ನನ್ನ ರಕ್ತದಲ್ಲಿ ಅದು ಸಿಕ್ಕಿತು. ಉಮ್ಮನ ರಕ್ತದಲ್ಲಿ ಇರಲಿಲ್ಲ.

ಉಪ್ಪ ಪರೀಕ್ಷೆಗೆ ಬರಲು ಒಪ್ಪಲಿಲ್ಲ. "ನಾನು ಬಂದದ್ದರಿಂದ ಅವಳು ಹೋದಳು. ಕಾಯಿಲೆ ಕೊಟ್ಟದ್ದೂ ನಾನೇ ಅಂತ ಗೊತ್ತಾಗಬೇಕಾ ಈಗ?"

"ಬಸ್ಸಿಗೆ ಓಡಿದ್ದರೂ ಆಗ್ತಿತ್ತು ಉಪ್ಪ."

"ಆದದ್ದು ನನ್ನನ್ನು ನೋಡಿ ಅಲ್ವಾ?"

"ಈ ಮನೆಯಿಂದ ಇನ್ನೊಂದು ಮಯ್ಯತ್ತು ಖಬರಸ್ಥಾನಕ್ಕೆ ಹೊರಡುವುದು ಬೇಡ" ಎಂದೆ ನಾನು. ಮರುದಿನ ಅವರು ಅಂಗಿ ತೊಟ್ಟು ನನಗಿಂತ ಮೊದಲೇ ಗೇಟಿನಲ್ಲಿ ನಿಂತಿದ್ದರು.

ಪರದೆಯ ಮೇಲೆ ಮತ್ತೆ ಅದೇ ಚಿತ್ರ.

ಡಾಕ್ಟರ್ ನನಗೆ ಬರೆದ ಮಾತ್ರೆಯನ್ನೇ ಅವರಿಗೂ ಬರೆದರು. ಓಡಬಾರದು, ಉದ್ವೇಗ ಬೇಡ ಎಂದರು. ಉಪ್ಪ ಎದ್ದು ನಿಂತವರು ಮತ್ತೆ ಕುಳಿತರು.

"ಡಾಕ್ಟ್ರೇ, ಒಂದು ಕೇಳ್ತೇನೆ. ಅಳಬಹುದಾ?"

ಖಬರಸ್ಥಾನದಿಂದ ಬಂದಾಗಲೂ ಅವರ ಕಣ್ಣು ಒಣಗಿದ್ದುದು ನನಗೆ ಆಗ ನೆನಪಾಯಿತು. ಪರೀಕ್ಷೆಯ ಫಲ ತಿಳಿದ ಮೇಲೆ ನಾನೂ ಪ್ರತಿಸಲ ಅಳುವನ್ನು ನುಂಗುತ್ತಲೇ ಬಂದಿದ್ದೆ.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಮೊದಲು ಮಾತ್ರೆ ಮೈಗೆ ಹಿಡಿಯಲಿ. ಒಂದು ದಿನವೂ ತಪ್ಪಿಸಬೇಡಿ. ಆಮೇಲೆ ಅಳಿ, ತೊಂದರೆ ಇಲ್ಲ. ಒಬ್ಬರೇ ಇರಬೇಡಿ, ಅಷ್ಟೇ."

ಕೆಲವು ವಾರಗಳ ಬಳಿಕ, ಒಂದು ಸಂಜೆ ಅಸರ್ ನಮಾಜು ಮುಗಿಸಿ ಉಪ್ಪ ಜಗಲಿಯಲ್ಲಿ ನನ್ನ ಪಕ್ಕ ಬಂದು ಕುಳಿತರು.

"ನಿನ್ನ ಮಾತ್ರೆ ಆಯ್ತಾ?"

"ಆಯ್ತು."

"ನನ್ನದೂ ಆಯ್ತು" ಎಂದರು. ಅನಂತರ ಸಾಜಿದಾಳ ಹೆಸರು ಹಿಡಿದು ಅತ್ತರು.

ನಾನು ಅವರ ಮಣಿಕಟ್ಟನ್ನು ಹಿಡಿದುಕೊಂಡೆ. ನಾಡಿ ನಿಧಾನವಾಗಿ, ಸಮನಾಗಿ ನಡೆಯುತ್ತಿತ್ತು. ಅಲ್‌ಹಮ್ದುಲಿಲ್ಲಾ ಎಂದು ನನ್ನಷ್ಟಕ್ಕೆ ಹೇಳಿಕೊಂಡು, ಆಮೇಲೆ ನಾನೂ ಅತ್ತೆ.