ಎಲ್ಲಿಗೆ ಹೋಯ್ತಮ್ಮ?

ಸಂಜೆಯ ಹೊತ್ತಿಗೆ ಡಾಕ್ಟರಮ್ಮನ ಪಾದಗಳು ಬಾತುಕೊಂಡು, ಚಪ್ಪಲಿಯ ಪಟ್ಟಿ ಚರ್ಮದ ಮೇಲೆ ಅಚ್ಚೊತ್ತಿರುತ್ತಿತ್ತು. ಟಿ. ದಾಸರಹಳ್ಳಿಯ ಅವರ ಕ್ಲಿನಿಕ್ಕಿನಲ್ಲಿ ನಾನು ನರ್ಸಾಗಿದ್ದೆ. ಜ್ವರ, ಕೆಮ್ಮು ಎಲ್ಲವನ್ನೂ ಕೂತೇ ನೋಡುತ್ತಿದ್ದರು. ಬಾಯೊಳಗೆ ಟಾರ್ಚು ಬಿಡುವಾಗ ಮಾತ್ರ ಎದ್ದು ನಿಲ್ಲುತ್ತಿದ್ದರು.

ಪೀಣ್ಯದ ಫ್ಯಾಕ್ಟರಿಗಳಿಂದ ಬರುವವರಿಗೆ ಬಾಯಿಹುಣ್ಣೆಂದರೆ ಹೀಟು. ಎಳನೀರು, ಮಜ್ಜಿಗೆ ಕುಡಿದರೆ ಹೋಗುತ್ತದೆ.

"ನೋಯೋ ಹುಣ್ಣು ತಾನಾಗೇ ಇಲ್ಲಿಗೆ ಕರ್ಕೊಂಡ್ಬರುತ್ತೆ ಸಿಸ್ಟರ್. ನೋಯದೇ ಇರೋದು ಮಜ್ಜಿಗೆ ಕುಡಿಸಿ ಮನೇಲೇ ಕೂರಿಸುತ್ತೆ," ಎನ್ನುತ್ತಿದ್ದರು ಡಾಕ್ಟರಮ್ಮ. ಅದನ್ನೇ ಎಷ್ಟೋ ಸಲ ಹೇಳಿ ದಣಿದ ದನಿ.

ಒಮ್ಮೆ ಕೊಪ್ಪಳದ ಕಡೆಯ ಗಂಡ ಹೆಂಡತಿ ಬಂದರು. ಆಕೆಗೆ ಐದು ತಿಂಗಳು. ಬಸುರಿಯರನ್ನೆಲ್ಲ ಕೇಳುವಂತೆ, ಈಚೆಗೆ ಎಲ್ಲಾದರೂ ಹುಣ್ಣಾಗಿತ್ತೇ ಎಂದು ಡಾಕ್ಟರಮ್ಮ ಕೇಳಿದರು.

"ತುಟಿ ಒಳಗ ಒಂದಾಗಿತ್ರೀ. ಹೀಟು. ನೋವೇನ ಇರಲಿಲ್ಲ. ಮಜ್ಜಿಗಿ ಕುಡದೆ, ಹೋತ್ರೀ."

"ಎಲ್ಲಿಗೆ ಹೋಯ್ತಮ್ಮ?"

ಆಕೆ ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ಬಾಗಿಲು ಮುಚ್ಚುವಂತೆ ನನಗೆ ಸನ್ನೆ ಮಾಡಿ, ಊಟ ನಿದ್ದೆ ವಿಚಾರಿಸುವ ದನಿಯಲ್ಲೇ, ಗಂಡ ಹೆಂಡತಿ ಕೂಡುವಾಗ ಬಾಯಿಂದಲೂ ಉಂಟೇ ಎಂದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡನೇ ಹೇಳಿದ:

"ಹೊಟ್ಟ್ಯಾಗ ಕೂಸೈತಲ್ರೀ ಮೇಡಂ. ಅದಕ್ಕ ತ್ರಾಸಾಗಬಾರದಂತ ಹಂಗ ಮಾಡಿದ್ವಿ. ಬಾಯಿಂದ ಏನೂ ಅಂಟಂಗಿಲ್ಲ ಅಂತಾರ್ರೀ ಕೆಲಸದಾಗಿನ ಮಂದಿ."

ರಕ್ತಪರೀಕ್ಷೆಯಲ್ಲಿ ಇಬ್ಬರಿಗೂ ಸಿಫಿಲಿಸ್ ಇತ್ತು. ಕೂಸಿಗೆ ತೊಂದರೆಯಾಗದಿರಲೆಂದು ಹಿಡಿದ ದಾರಿಯಲ್ಲೇ ರೋಗ ಕೂಸಿನ ಕಡೆಗೆ ಹೊರಟಿತ್ತು.

"ಹುಣ್ಣು ಮಾಯುತ್ತಪ್ಪ, ರೋಗ ರಕ್ತಕ್ಕಿಳಿಯುತ್ತೆ. ಈಗ್ಲೇ ಇಂಜೆಕ್ಷನ್ ತಗೊಂಡ್ರೆ ಮಗು ಉಳಿಯುತ್ತೆ. ಇಬ್ರೂ ತಗೋಬೇಕು. ನಾನು ಹೇಳೋವರೆಗೂ ಅದೂ ಬೇಡ, ಇದೂ ಬೇಡ. ಆಮೇಲೆ ಬಾಯಿಗಾದ್ರೂ ಅಷ್ಟೇ, ಕಾಂಡೋಮ್ ಇರಲಿ."

ಅವನಿಗೆ ಎಲ್ಲಿಂದ ಬಂತೆಂದು ಅವಳೆದುರು ಕೇಳಲಿಲ್ಲ. ಅವನು ನೆಲ ನೋಡುತ್ತ ನಿಂತಿದ್ದ. ನಾನು ಅವಸರದಲ್ಲಿ ಪೆನ್ಸಿಲಿನ್ನನ್ನು ಸಿರಿಂಜಿಗೆ ಎಳೆದುಕೊಳ್ಳತೊಡಗಿದೆ.

"ನಿಧಾನ ಸಿಸ್ಟರ್. ಮದ್ದು ಮಂದ ಇದೆ," ಎಂದರು.

ಹೆರಿಗೆಯಾದ ಮೇಲೆ ಕೂಸನ್ನು ಕರೆತಂದರು. ಅದರ ರಕ್ತಪರೀಕ್ಷೆಯ ವರದಿ ಚೆನ್ನಾಗಿತ್ತು. ಆದರೂ ಡಾಕ್ಟರಮ್ಮ ಮೇಜು ಹಿಡಿದು ಎದ್ದರು, ಪುಟ್ಟ ಬಾಯೊಳಗೆ ಟಾರ್ಚು ಬಿಟ್ಟರು. ಅದು ಕಿರುಚಿತು.

"ಬಯ್ತಿದಾನೆ ನೋಡಿ ನನ್ನ," ಎಂದು ಕೂತವರು ಆ ಸಂಜೆ ಬೇಗ ಏಳಲಿಲ್ಲ.

ಕೆಲವು ವರ್ಷಗಳ ನಂತರ ಅವರ ಕಿಡ್ನಿಗಳು ಸೋತವು. ನಾನಾಗ ಜಿಗಣಿಯ ಆಸ್ಪತ್ರೆಯೊಂದರಲ್ಲಿದ್ದೆ. ಕ್ಲಿನಿಕ್ಕಿನ ಕೆಳಗಿನ ಮೆಡಿಕಲ್ ಶಾಪಿನವರು ಫೋನು ಮಾಡಿ, "ಸಿಸ್ಟರ್, ಡಾಕ್ಟರಮ್ಮ ಹೋದ್ರು," ಎಂದರು.

"ಎಲ್ಲಿಗೆ?" ಎಂದುಬಿಟ್ಟೆ.